40ರ ಪಟ್ಟಿಯಲ್ಲಿ ಯಾರಿಗೆ ಜಾಗ?

ಕೇಳುಗರಿಗೆಲ್ಲ ನಮಸ್ಕಾರ. ಇವತ್ತಿನ ವಿಷಯ ಬೇಸ್‌ಬಾಲ್. ದಯವಿಟ್ಟು ರೇಡಿಯೋ ಆರಿಸಬೇಡಿ!

ನಿಮ್ಮಲ್ಲಿ ಎಷ್ಟೋ ಜನರ ಮಕ್ಕಳು ಅಮೆರಿಕದಲ್ಲಿದ್ದಾರೆ. ಮೊಮ್ಮಕ್ಕಳು ಶನಿವಾರ ಬೆಳಿಗ್ಗೆ ಕೈಗೆ ಗ್ಲೌಸ್ ಹಾಕಿಕೊಂಡು ಲಿಟಲ್ ಲೀಗ್ ಆಡೋಕೆ ಓಡುತ್ತಾರೆ. ಆರು ತಿಂಗಳು ಅಲ್ಲಿದ್ದು ಬಂದ ತಾತಂದಿರು ನನ್ನನ್ನು ಹಿಡಿದು ಕೇಳುತ್ತಾರೆ: "ಅಲ್ಲ ಸಾರ್, ಆಟ ಹೇಗೋ ಅರ್ಥ ಆಯ್ತು. ಆದರೆ ನವೆಂಬರ್‌ನಲ್ಲಿ ಆಟವೇ ಇರಲ್ಲ. ಆಗಲೂ ಮೊಮ್ಮಗ ಫೋನ್ ಹಿಡಿದುಕೊಂಡು ಯಾರನ್ನ ಉಳಿಸ್ಕೊಂಡ್ರು, ಯಾರನ್ನ ಬಿಟ್ರು ಅಂತ ಊಟ ಬಿಟ್ಟು ಕೂತಿರ್ತಾನಲ್ಲ, ಅದೇನು?" ಒಳ್ಳೇ ಪ್ರಶ್ನೆ. ನನ್ನ ಕೇಳಿದರೆ ಇಡೀ ಬೇಸ್‌ಬಾಲ್‌ನಲ್ಲಿ ಇದಕ್ಕಿಂತ ಮಜಾ ಇರುವ ಇನ್ನೊಂದು ವಿಷಯವೇ ಇಲ್ಲ.

ಮೊದಲು ನಿಯಮ. ಅಮೆರಿಕದ ಮೇಜರ್ ಲೀಗ್‌ನಲ್ಲಿ 30 ತಂಡಗಳಿವೆ. ಒಂದೊಂದು ತಂಡದ ಕೈಕೆಳಗೆ ಮೈನರ್ ಲೀಗ್ ತಂಡಗಳಿರುತ್ತವೆ. ಅಲ್ಲಿ ನೂರಕ್ಕೂ ಹೆಚ್ಚು ಹುಡುಗರು ಆಡುತ್ತಾ, ಕಲಿಯುತ್ತಾ ಇರುತ್ತಾರೆ. ಆದರೆ ತಂಡದ ಮುಖ್ಯ ಪಟ್ಟಿಯಲ್ಲಿ ಇರುವುದು 40 ಹೆಸರು ಮಾತ್ರ. ಅದರಲ್ಲೂ ದಿನದ ಆಟಕ್ಕೆ ಸಜ್ಜಾಗಿರುವವರು 26 ಜನ. 18 ಅಥವಾ ಅದಕ್ಕಿಂತ ಕಡಿಮೆ ವಯಸ್ಸಿಗೆ ಸಹಿ ಹಾಕಿದ ಹುಡುಗನನ್ನು ಐದು ಸೀಸನ್‌ಗಳ ಒಳಗೆ ಆ 40ರ ಪಟ್ಟಿಗೆ ಸೇರಿಸಬೇಕು. 19 ತುಂಬಿದ ಮೇಲೆ ಸಹಿ ಹಾಕಿದವನಾದರೆ ನಾಲ್ಕೇ ಸೀಸನ್. ಸೇರಿಸದಿದ್ದರೆ ಏನಾಗುತ್ತದೆ? ಡಿಸೆಂಬರ್‌ನಲ್ಲಿ ರೂಲ್ ಫೈವ್ ಡ್ರಾಫ್ಟ್ ಅಂತ ನಡೆಯುತ್ತದೆ. ಬೇರೆ ಯಾವ ತಂಡ ಬೇಕಾದರೂ ಅವನ ಹೆಸರು ಕೂಗಿ, 1 ಲಕ್ಷ ಡಾಲರ್ ಕಟ್ಟಿ, ಕರೆದುಕೊಂಡು ಹೋಗಬಹುದು. ನೀವು ಐದು ವರ್ಷ ಅನ್ನ ಹಾಕಿ ಬೆಳೆಸಿದ ಹುಡುಗ! ಬೇಡ ಅನ್ನುವ ಹಾಗಿಲ್ಲ.

ಆದರೆ ಒಂದು ಷರತ್ತಿದೆ. ಇಡೀ ಕಥೆ ನಿಂತಿರುವುದೇ ಅದರ ಮೇಲೆ. ಕರೆದುಕೊಂಡು ಹೋದ ತಂಡ ಮುಂದಿನ ಸೀಸನ್ ಪೂರ್ತಿ ಅವನನ್ನು ಆ 26ರಲ್ಲೇ ಇಟ್ಟುಕೊಳ್ಳಬೇಕು. ಮೈನರ್ ಲೀಗ್‌ಗೆ ಇಳಿಸುವಂತಿಲ್ಲ. ಆಗಲಿಲ್ಲವಾ, ಅರ್ಧ ದುಡ್ಡಿಗೆ, ಅಂದರೆ 50 ಸಾವಿರ ಡಾಲರ್‌ಗೆ, ಹಳೇ ತಂಡಕ್ಕೇ ವಾಪಸ್.

ಇಷ್ಟು ಹೇಳಿದ ತಕ್ಷಣ ಎಲ್ಲರೂ ಒಂದೇ ಮಾತು ಆಡುತ್ತಾರೆ: "ಅದರಲ್ಲೇನಿದೆ ಸಾರ್? ಇರೋರಲ್ಲಿ ಯಾರು ಚೆನ್ನಾಗಿ ಆಡ್ತಾರೋ ಅವರನ್ನ ಉಳಿಸ್ಕೊಳ್ಳೋದು." ಅಲ್ಲ. ಅಲ್ಲವೇ ಅಲ್ಲ. ದೊಡ್ಡ ದೊಡ್ಡ ಸಂಬಳ ತೆಗೆದುಕೊಳ್ಳುವವರೂ ಇಲ್ಲೇ ಎಡವಿದ್ದಾರೆ. ಹುಡುಗ ಎಷ್ಟು ಒಳ್ಳೆಯವನು ಅಂತ ಕೇಳಬೇಡಿ. ಅವನನ್ನು ಯಾರು ಎತ್ತಿಕೊಂಡು ಹೋಗುತ್ತಾರೆ, ಹೋದರೆ ವರ್ಷಪೂರ್ತಿ ಇಟ್ಟುಕೊಳ್ಳುವ ತಾಕತ್ತು ಅವರಿಗಿದೆಯಾ ಅಂತ ಕೇಳಿ. ನನ್ನ ಭಾಷಣದಲ್ಲಿ ಬೇರೇನೂ ನೆನಪಿಡದಿದ್ದರೂ ಪರವಾಗಿಲ್ಲ, ಇದೊಂದನ್ನು ನೆನಪಿಡಿ.

ಹತ್ತಿರದಿಂದ ನೋಡೋಣ. ನಿಮ್ಮ ಪಟ್ಟಿಯಲ್ಲಿ ಒಂದೇ ಜಾಗ ಖಾಲಿ ಇದೆ ಅಂದುಕೊಳ್ಳಿ. ಇಬ್ಬರು ಹುಡುಗರಿದ್ದಾರೆ. ಒಬ್ಬನಿಗೆ 21 ವರ್ಷ, ಶಾರ್ಟ್‌ಸ್ಟಾಪ್, ಅಂದರೆ ಎರಡನೇ ಮತ್ತು ಮೂರನೇ ಬೇಸ್ ನಡುವೆ ನಿಂತು ಚೆಂಡು ತಡೆಯುವವನು. ಇನ್ನೂ ಮೈನರ್ ಲೀಗ್‌ನ ಕೆಳಗಿನ ಎ ಹಂತದಲ್ಲಿ ಆಡುತ್ತಿದ್ದಾನೆ. ಬ್ಯಾಟ್ ಬೀಸಿದರೆ ಚೆಂಡು ಕಾಣೆ. ಇನ್ನು ನಾಲ್ಕು ವರ್ಷಕ್ಕೆ ಸ್ಟಾರ್ ಆಗುತ್ತಾನೆ ಅಂತ ಎಲ್ಲರ ಬಾಯಲ್ಲೂ ಅವನದೇ ಹೆಸರು. ಇನ್ನೊಬ್ಬನಿಗೆ 24. ಚೆಂಡು ಎಸೆಯುವವನು, ನಮ್ಮ ಬೌಲರ್ ಥರ, ಅಂದರೆ ಪಿಚರ್. ಟ್ರಿಪಲ್ ಎ, ಅಂದರೆ ಮೈನರ್ ಲೀಗ್‌ನ ಎಲ್ಲಕ್ಕಿಂತ ಮೇಲಿನ ಹಂತದಲ್ಲಿ, ಆಟದ ಕೊನೆಯಲ್ಲಿ ಬಂದು ಒಂದು ಇನಿಂಗ್ಸ್ ಎಸೆದು ಹೋಗುವವನು. ಗಂಟೆಗೆ 97 ಮೈಲಿ ವೇಗ, ಅಂದರೆ 156 ಕಿಲೋಮೀಟರ್. ಸ್ಟಾರ್ ಗೀರ್ ಏನೂ ಆಗಲ್ಲ. ಯಾರನ್ನು ಉಳಿಸಿಕೊಳ್ಳುತ್ತೀರಿ?

ಶಾರ್ಟ್‌ಸ್ಟಾಪ್ ಅಂದಿರಿ ತಾನೆ? ಗೊತ್ತಿತ್ತು.

ಈಗ ಎದುರು ತಂಡದವರ ಲೆಕ್ಕ ಹಾಕಿ. 26 ಜನರಲ್ಲಿ ಪಿಚರ್‌ಗಳು 13ಕ್ಕಿಂತ ಜಾಸ್ತಿ ಇರುವಂತಿಲ್ಲ, ಹಾಗಾಗಿ ಸಾಮಾನ್ಯವಾಗಿ 13 ಪಿಚರ್, 13 ಬ್ಯಾಟ್ಸ್‌ಮನ್. ಬ್ಯಾಟ್ ಹಿಡಿಯುವವರಲ್ಲಿ ಒಂಬತ್ತು ಜನ ದಿನವೂ ಆಡುತ್ತಾರೆ. ಬೆಂಚಿನಲ್ಲಿ ಉಳಿಯುವವರು ನಾಲ್ಕೇ ಜನ. ಅದರಲ್ಲೊಬ್ಬ ಎರಡನೇ ಕ್ಯಾಚರ್, ನಮ್ಮ ವಿಕೆಟ್ ಕೀಪರ್ ಥರ, ಅವನಿಲ್ಲದೆ ನಡೆಯಲ್ಲ. ಉಳಿದದ್ದು ಮೂರು ಜಾಗ. ಆ ಮೂರರಲ್ಲಿ ಒಂದನ್ನು ಇನ್ನೂ ಹಾಲುಗಲ್ಲದ ಹುಡುಗನಿಗೆ ಕೊಟ್ಟು ಆರು ತಿಂಗಳು, 162 ಆಟ ಕೂರಿಸಬೇಕು. ಗೆಲ್ಲಬೇಕು ಅಂತಿರುವ ಯಾವ ತಂಡ ಇದನ್ನು ಮಾಡುತ್ತದೆ ಹೇಳಿ? ಪಿಚರ್‌ಗಳ ಕಡೆ ನೋಡಿ. ಐದು ಜನ ಆಟ ಶುರು ಮಾಡುವವರು, ಎಂಟು ಜನ ಆಮೇಲೆ ಬರುವವರು. ಆ ಎಂಟನೆಯವನು ಬರುವುದು ತಂಡ ಆರು ರನ್ ಹಿಂದಿರುವಾಗ, ಅಂದರೆ ಸೋಲು ಹೆಚ್ಚುಕಡಿಮೆ ಖಚಿತವಾದಾಗ. ಅಲ್ಲಿ ಯಾರನ್ನಾದರೂ ಇಟ್ಟುಕೊಳ್ಳಬಹುದು. 97 ಮೈಲಿ ವೇಗದವನು ಸಿಕ್ಕರೆ ಬಿಡುತ್ತಾರಾ? ಆದ್ದರಿಂದ ಆ ಒಂದು ಜಾಗ ಪಿಚರ್‌ಗೆ. ಶಾರ್ಟ್‌ಸ್ಟಾಪ್ ನಿಮ್ಮಲ್ಲೇ ಇರುತ್ತಾನೆ. ಹೋದರೂ ಏಪ್ರಿಲ್ ಹೊತ್ತಿಗೆ ತಿರುಗಿ ಬರುವ ಸಂಭವವೇ ಜಾಸ್ತಿ.

ಇದು ನಮ್ಮ ಐಪಿಎಲ್ ರಿಟೆನ್ಷನ್ ಥರ ಅಲ್ವಾ ಅಂತ ಕೆಲವರು ಕೇಳುತ್ತಾರೆ. ಸ್ವಲ್ಪ ಹೌದು, ಜಾಸ್ತಿ ಅಲ್ಲ. 2018ರಲ್ಲಿ ನಮ್ಮ ಆರ್‌ಸಿಬಿ ಕೊಹ್ಲಿ, ಡಿವಿಲಿಯರ್ಸ್, ಸರ್ಫರಾಜ್ ಮೂವರನ್ನು ಉಳಿಸಿಕೊಂಡಿತು. ನಮ್ಮ ರಾಹುಲ್ 11 ಕೋಟಿಗೆ ಪಂಜಾಬ್ ಪಾಲಾದರು. ಆ ಹೊಟ್ಟೆಯುರಿ ಇನ್ನೂ ಆರಿಲ್ಲ, ಇರಲಿ. ಅಲ್ಲಿ ದುಡ್ಡಿನ ಪೈಪೋಟಿ, ಯಾರು ಜಾಸ್ತಿ ಕೂಗುತ್ತಾರೋ ಅವರಿಗೆ. ಇಲ್ಲಿ ಬೆಲೆ ಮೊದಲೇ ನಿಗದಿ. ಇಲ್ಲಿ ಪೈಪೋಟಿ ಜಾಗದ್ದು. ಯಾರ ಹತ್ತಿರ ಜಾಗ ಪೋಲು ಮಾಡುವ ಅನುಕೂಲ ಇದೆಯೋ ಅವರೇ ಅಪಾಯಕಾರಿ.

ಯಾರ ಹತ್ತಿರ ಇರುತ್ತದೆ ಅಂಥ ಅನುಕೂಲ? ಸೋತು ಸುಣ್ಣವಾದ ತಂಡದ ಹತ್ತಿರ. ಈಗ ನಾನು ರೊಬರ್ಟೊ ಕ್ಲೆಮೆಂಟೆ ಕಥೆ ಹೇಳಲೇಬೇಕು. ಹದಿನೈದು ನಿಮಿಷ ಕೊಟ್ಟಿದ್ದಾರೆ, ಅದರಲ್ಲಿ ಅರ್ಧ ಇದಕ್ಕೇ ಹೋಗಬಹುದು, ಹೋಗಲಿ.

ಕ್ಲೆಮೆಂಟೆ ಪೋರ್ಟೊ ರಿಕೊ ದ್ವೀಪದ ಕರೊಲಿನಾ ಎಂಬ ಊರಿನವನು. 1934ರಲ್ಲಿ ಹುಟ್ಟಿದವನು. 1954ರ ಫೆಬ್ರವರಿಯಲ್ಲಿ ಬ್ರೂಕ್ಲಿನ್ ಡಾಡ್ಜರ್ಸ್ ತಂಡ ಅವನಿಗೆ 10 ಸಾವಿರ ಡಾಲರ್ ಬೋನಸ್ ಕೊಟ್ಟು ಸಹಿ ಹಾಕಿಸಿಕೊಂಡಿತು. ಆಗ ನಿಯಮ ಬೇರೆ ಇತ್ತು. 4 ಸಾವಿರಕ್ಕಿಂತ ಜಾಸ್ತಿ ಬೋನಸ್ ಕೊಟ್ಟ ಹುಡುಗನನ್ನು ಎರಡು ವರ್ಷ ಮುಖ್ಯ ತಂಡದಲ್ಲೇ ಇಟ್ಟುಕೊಳ್ಳಬೇಕು. ಇಲ್ಲವಾದರೆ ಆ ವರ್ಷದ ಕೊನೆಗೆ ಯಾರು ಬೇಕಾದರೂ 4 ಸಾವಿರ ಕೊಟ್ಟು ಒಯ್ಯಬಹುದು. ಹತ್ತು ಕೊಟ್ಟು ತಂದದ್ದು ನಾಲ್ಕಕ್ಕೆ ಹೋಗುತ್ತದೆ!

ಡಾಡ್ಜರ್ಸ್ ಆಗ ತುಂಬಿದ ಮನೆ. ಔಟ್‌ಫೀಲ್ಡ್‌ನಲ್ಲಿ ಡ್ಯೂಕ್ ಸ್ನೈಡರ್, ಕಾರ್ಲ್ ಫ್ಯುರಿಲ್ಲೊ ಥರದವರು. 19 ವರ್ಷದ ಹುಡುಗನಿಗೆ ಎಲ್ಲಿ ಜಾಗ? ಕೆನಡಾದ ಮಾಂಟ್ರಿಯಲ್‌ನಲ್ಲಿದ್ದ ತಮ್ಮ ಮೈನರ್ ಲೀಗ್ ತಂಡಕ್ಕೆ ಕಳಿಸಿದರು. ಅಲ್ಲಿ ಅವನನ್ನು ಸರಿಯಾಗಿ ಆಡಿಸಲೂ ಇಲ್ಲ. ಇಡೀ ಸೀಸನ್‌ನಲ್ಲಿ 87 ಆಟ, ಸರಾಸರಿ .257, ಅಂದರೆ ಸುಮಾರಾಗಿ ನಾಲ್ಕು ಸಲ ಬ್ಯಾಟ್ ಹಿಡಿದರೆ ಒಂದು ಹಿಟ್. ನಮ್ಮ ಸಿಕ್ಸರ್ ಥರದ ಹೋಮ್ ರನ್ ಎರಡೇ ಎರಡು. ಬೇರೆಯವರ ಕಣ್ಣಿಗೆ ಬೀಳದಿರಲಿ ಅಂತ ಬೇಕಂತಲೇ ಬಚ್ಚಿಟ್ಟರು ಅನ್ನುವುದು ಜನಜನಿತ ಕಥೆ. ಮಾಂಟ್ರಿಯಲ್ ಮ್ಯಾನೇಜರ್ ಮ್ಯಾಕ್ಸ್ ಮೇಕನ್ ಅದೆಲ್ಲ ಸುಳ್ಳು ಅಂದರು. ಬಚ್ಚಿಟ್ಟರೋ, ಸುಮ್ನೆ ಆಡಿಸಲಿಲ್ಲವೋ, ಅಂತೂ ಅಂಕಿಸಂಖ್ಯೆ ನೋಡಿದರೆ ಹುಡುಗ ಏನೂ ಅಲ್ಲ.

ಈಗ ಪಿಟ್ಸ್‌ಬರ್ಗ್‌ಗೆ ಬನ್ನಿ. ಪಿಟ್ಸ್‌ಬರ್ಗ್ ಅಂದರೆ ನಮ್ಮವರಿಗೆ ನೆನಪಾಗುವುದು ಗುಡ್ಡದ ಮೇಲಿನ ವೆಂಕಟೇಶ್ವರ ದೇವಸ್ಥಾನ. ನನಗೆ ಪೈರೆಟ್ಸ್ ತಂಡ. 1954ರಲ್ಲಿ ಪೈರೆಟ್ಸ್ 53 ಗೆದ್ದು 101 ಸೋತಿತ್ತು. ಲೀಗ್‌ನಲ್ಲಿ ಕಟ್ಟಕಡೆ. ಕಟ್ಟಕಡೆಯವರಿಗೆ ಡ್ರಾಫ್ಟ್‌ನಲ್ಲಿ ಮೊದಲ ಆಯ್ಕೆ. ಆ ತಂಡದ ಉಸ್ತುವಾರಿ ಯಾರದು ಅಂದುಕೊಂಡಿರಿ? ಬ್ರಾಂಚ್ ರಿಕಿ. ಕಪ್ಪು ಆಟಗಾರ ಜ್ಯಾಕಿ ರಾಬಿನ್‌ಸನ್‌ನನ್ನು ತಂದು ಮೇಜರ್ ಲೀಗ್‌ನ ವರ್ಣಭೇದದ ಬೇಲಿ ಕಿತ್ತ ಅದೇ ರಿಕಿ. 1950ರವರೆಗೂ ಡಾಡ್ಜರ್ಸ್‌ನಲ್ಲೇ ಇದ್ದವರು. ಆ ಮನೆಯ ಮೂಲೆಮೂಲೆಯೂ ಅವರಿಗೆ ಗೊತ್ತು.

ರಿಕಿ ತಮ್ಮ ಸ್ಕೌಟ್, ಅಂದರೆ ಆಟಗಾರರನ್ನು ಹುಡುಕಿ ನೋಡುವ ಕ್ಲೈಡ್ ಸುಕ್‌ಫರ್ತ್ ಅವರನ್ನು ಮಾಂಟ್ರಿಯಲ್ ತಂಡದ ಆಟ ನೋಡಲು ಕಳಿಸಿದರು. ನೋಡಬೇಕಾಗಿದ್ದದ್ದು ಕ್ಲೆಮೆಂಟೆಯನ್ನಲ್ಲ, ಜೋ ಬ್ಲ್ಯಾಕ್ ಎಂಬ ಪಿಚರ್‌ನನ್ನು. ಸುಕ್‌ಫರ್ತ್ ಹೋಗಿ ಕೂತರು. ಆಟ ಇನ್ನೂ ಶುರುವಾಗಿಲ್ಲ, ಅಭ್ಯಾಸ ನಡೆಯುತ್ತಿದೆ. ರೈಟ್ ಫೀಲ್ಡ್‌ನಿಂದ, ಅಂದರೆ ಮೈದಾನದ ಬಲಗಡೆಯ ದೂರದ ಭಾಗದಿಂದ, ಒಬ್ಬ ಹುಡುಗ ಚೆಂಡು ಎಸೆಯುತ್ತಿದ್ದಾನೆ. ಆ ತೋಳಿನ ಬಲ ನೋಡಿ ಮುದುಕರಿಗೆ ಕಣ್ಣು ಕೀಳಲಾಗಲಿಲ್ಲ. ಜೋ ಬ್ಲ್ಯಾಕ್ ಮರೆತೇ ಹೋಯಿತು. ಹೊರಡುವಾಗ ಮ್ಯಾನೇಜರ್ ಮೇಕನ್ ಹತ್ತಿರ ಹೋಗಿ, ನಮ್ಮ ಹುಡುಗನನ್ನು ಚೆನ್ನಾಗಿ ನೋಡಿಕೊಳ್ಳಿ ಎಂಬರ್ಥದ ಮಾತು ಹೇಳಿ ಬಂದರಂತೆ. ಧೈರ್ಯ ನೋಡಿ!

ಇಲ್ಲೊಂದು ವಿಷಯ ಗಮನಿಸಿ. ಆಟದಲ್ಲಿ ಆಡಿಸದೆ ಬಿಡಬಹುದು, ಅಭ್ಯಾಸದಲ್ಲಿ ತೋಳು ಎಲ್ಲಿ ಬಚ್ಚಿಡುತ್ತೀರಿ?

1954ರ ನವೆಂಬರ್ 22. ಪೈರೆಟ್ಸ್ ಮೊದಲ ಆಯ್ಕೆ, ರೊಬರ್ಟೊ ಕ್ಲೆಮೆಂಟೆ. 4 ಸಾವಿರ ಡಾಲರ್. ಮುಂದಿನ ವರ್ಷ ಅವನ ಸರಾಸರಿ .255, ಅಂಥ ಮಹಾ ಆಟವೇನಲ್ಲ. ಬ್ರೂಕ್ಲಿನ್‌ನಲ್ಲಿ ಆಗಿದ್ದರೆ ಬೆಂಚಿನ ಮೇಲೆ ಕೂರಿಸುತ್ತಿದ್ದರು. ಆದರೆ 101 ಸೋತ ತಂಡಕ್ಕೆ ಅವಸರವೇನು? ಕಲಿಯಲಿ ಬಿಡು ಅಂತ ಆಡಿಸಿದರು. ಅವನು ಕಲಿತ. 1960ರಲ್ಲಿ ಮೇಜರ್ ಲೀಗ್‌ನ ಫೈನಲ್ ಆದ ವರ್ಲ್ಡ್ ಸೀರೀಸ್ ಗೆದ್ದರು. 1971ರಲ್ಲಿ ಮತ್ತೆ ಗೆದ್ದರು, ಆ ಸೀರೀಸ್‌ನ ಶ್ರೇಷ್ಠ ಆಟಗಾರ ಇವನೇ. ನಾಲ್ಕು ಸಲ ಬ್ಯಾಟಿಂಗ್ ಕಿರೀಟ, ಫೀಲ್ಡಿಂಗ್‌ಗೆ ಕೊಡುವ ಗೋಲ್ಡ್ ಗ್ಲೌವ್ 12 ಸಲ, ಸರಿಯಾಗಿ 3,000 ಹಿಟ್. ಮೂರು ಸಾವಿರದ ಹಿಟ್ ಬಂದದ್ದು 1972ರ ಸೆಪ್ಟೆಂಬರ್ 30ಕ್ಕೆ. ಅದೇ ಡಿಸೆಂಬರ್ 31ರ ರಾತ್ರಿ, ನಿಕರಾಗುವದ ಭೂಕಂಪ ಸಂತ್ರಸ್ತರಿಗೆ ಸಾಮಾನು ಹೊತ್ತ ವಿಮಾನದಲ್ಲಿ ತಾನೇ ಹೊರಟು, ವಿಮಾನ ಸಮುದ್ರಕ್ಕೆ ಬಿದ್ದು ಹೋಗಿಬಿಟ್ಟ. 38 ವರ್ಷ. ಪಿಟ್ಸ್‌ಬರ್ಗ್‌ನ ಈಗಿನ ಮೈದಾನಕ್ಕೆ ಹೋದರೆ ರೈಟ್ ಫೀಲ್ಡ್ ಕಡೆಯ ಗೋಡೆ ನೋಡಿ. 21 ಅಡಿ ಎತ್ತರ. ಅವನ ಅಂಗಿಯ ನಂಬರ್ 21.

ಡಾಡ್ಜರ್ಸ್ ಏನು ತಪ್ಪು ಮಾಡಿದರು? ಹುಡುಗ ಒಳ್ಳೆಯವನು ಅಂತ ಅವರಿಗೆ ಗೊತ್ತಿತ್ತು. ನೋಡದೇ ಹೋದದ್ದು ಆ ಕೊನೆಯ ಸ್ಥಾನದ ತಂಡವನ್ನು. ಯಾರು ಎತ್ತಿಕೊಂಡು ಹೋಗುತ್ತಾರೆ, ಯಾರಿಗೆ ಇಟ್ಟುಕೊಳ್ಳುವ ತಾಕತ್ತಿದೆ? ಮತ್ತೆ ಅದೇ ಮಾತು.

ನೋಡಿ, ಗಡಿಯಾರ ಓಡಿಬಿಟ್ಟಿದೆ. ಗಾಜಿನಾಚೆ ಕೈಸನ್ನೆ ಶುರುವಾಗಿದೆ. ಉಳಿದದ್ದನ್ನು ಬೇಗ ಹೇಳುತ್ತೇನೆ.

ಯೊಹಾನ್ ಸಂತಾನಾ. ವೆನೆಜುವೆಲಾದ ಎಡಗೈ ಪಿಚರ್. 1999ರಲ್ಲಿ ಹ್ಯೂಸ್ಟನ್ ಆಸ್ಟ್ರೋಸ್ ಅವನನ್ನು ಪಟ್ಟಿಗೆ ಸೇರಿಸಲಿಲ್ಲ. ಎ ಹಂತದ ಹುಡುಗ, ಯಾರು ಒಯ್ಯುತ್ತಾರೆ ಅಂತ. ಆ ಡ್ರಾಫ್ಟ್‌ನಲ್ಲಿ ಮಾರ್ಲಿನ್ಸ್ ಅವನನ್ನು ಆರಿಸಿ ಕೂಡಲೇ ಮಿನ್ನೆಸೋಟ ಟ್ವಿನ್ಸ್‌ಗೆ ದಾಟಿಸಿತು. 2000ದಲ್ಲಿ ಅವನು ಒಂಬತ್ತು ಇನಿಂಗ್ಸ್‌ಗೆ ಸರಾಸರಿ 6.49 ರನ್ ಕೊಟ್ಟ. ಭಯಂಕರ! ಆದರೆ ಟ್ವಿನ್ಸ್ ಆ ವರ್ಷ 93 ಸೋತ ತಂಡ. ಇಟ್ಟುಕೊಂಡರು. 2004, 2006ರಲ್ಲಿ ಅವನಿಗೆ ವರ್ಷದ ಶ್ರೇಷ್ಠ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ, ಎರಡೂ ಸಲ ಒಮ್ಮತದಿಂದ.

ಇನ್ನು ನನ್ನ ಪೈರೆಟ್ಸ್. ಹೇಳೋಕೆ ನಾಚಿಕೆ. ಕ್ಲೆಮೆಂಟೆಯನ್ನು ಎತ್ತಿಕೊಂಡು ಬಂದ ಅದೇ ತಂಡ 2003ರ ಡಿಸೆಂಬರ್‌ನಲ್ಲಿ ಏನು ಮಾಡಿಕೊಂಡಿತು ಗೊತ್ತಾ? ಡ್ರಾಫ್ಟ್‌ನ ಮೊದಲ ಆರು ಆಯ್ಕೆಗಳಲ್ಲಿ ಐದು ಪೈರೆಟ್ಸ್ ಹುಡುಗರು! ಆರನೆಯ ಆಯ್ಕೆ ಹೊಸೆ ಬಟಿಸ್ಟಾ. ಬಾಲ್ಟಿಮೋರ್ ಒಯ್ದಿತು, ಇಟ್ಟುಕೊಳ್ಳಲಾಗಲಿಲ್ಲ. ಅಲ್ಲಿಂದ ಟ್ಯಾಂಪಾ ಬೇ, ಅಲ್ಲಿಂದ ಕಾನ್ಸಾಸ್ ಸಿಟಿ, ಅಲ್ಲಿಂದ ನ್ಯೂಯಾರ್ಕ್ ಮೆಟ್ಸ್, ಅಲ್ಲಿಂದ ತಿರುಗಿ ಪಿಟ್ಸ್‌ಬರ್ಗ್. ಒಂದೇ ವರ್ಷದಲ್ಲಿ ಐದು ತಂಡ. ಸಿಕ್ಕವನನ್ನು ಇಟ್ಟುಕೊಂಡರಾ? 2008ರಲ್ಲಿ ಟೊರಾಂಟೊಗೆ ಕೊಟ್ಟರು. 2010ರಲ್ಲಿ ಅಲ್ಲಿ 54 ಹೋಮ್ ರನ್ ಹೊಡೆದ. ಬಿಡಿ, ಈ ವಿಷಯ ತೆಗೆದರೆ ನನಗೆ ಬಿಪಿ ಏರುತ್ತದೆ.

ಹಾಗಾದರೆ ಎಲ್ಲರನ್ನೂ ಸೇರಿಸಿಬಿಡೋಣ ಅಂದರೆ ಅದೂ ಆಗಲ್ಲ. 40 ಅಂದರೆ 40. ಒಬ್ಬನನ್ನು ಸೇರಿಸಬೇಕಾದರೆ ಒಬ್ಬನನ್ನು ತೆಗೆಯಬೇಕು, ತೆಗೆದವನನ್ನು ಉಳಿದ ತಂಡಗಳು ಕೇಳಬಹುದು. ಇನ್ನೊಂದು, ಪಟ್ಟಿಗೆ ಸೇರಿದ ಹುಡುಗನನ್ನು ಮೈನರ್ ಲೀಗ್‌ಗೆ ಇಳಿಸಲು ಸಾಮಾನ್ಯವಾಗಿ ಮೂರೇ ವರ್ಷಗಳ ಅವಕಾಶ. ಆಪ್ಷನ್ ಅನ್ನುತ್ತಾರೆ. ಹಣ್ಣಾಗುವ ಮುಂಚೆ ಸೇರಿಸಿದರೆ ಆ ಮೂರು ವರ್ಷ ಕಲಿಯುವುದರಲ್ಲೇ ಮುಗಿದುಹೋಗುತ್ತದೆ. ಇದರ ಬಗ್ಗೆ ಇನ್ನೂ ಬೇಕಾದಷ್ಟು ಹೇಳಬೇಕಿತ್ತು. ಕ್ಲೆಮೆಂಟೆ ತಿಂದುಹಾಕಿದ.

ಈ ನವೆಂಬರ್‌ನಲ್ಲಿ ಮೊಮ್ಮಗ ಫೋನ್ ಹಿಡಿದು ಕೂತಾಗ ನೀವೂ ಪಕ್ಕದಲ್ಲಿ ಕೂತುಕೊಳ್ಳಿ. ಅವನ ತಂಡ ಬಿಟ್ಟ ಹುಡುಗರ ಹೆಸರು ಕೇಳಿ. ಆಮೇಲೆ, "ಈ ವರ್ಷ ಎಲ್ಲರಿಗಿಂತ ಜಾಸ್ತಿ ಸೋತ ತಂಡ ಯಾವುದಪ್ಪಾ? ಅವರಿಗೆ ಪಿಚರ್ ಬೇಕಾ, ಬ್ಯಾಟ್ಸ್‌ಮನ್ ಬೇಕಾ?" ಅಂತ ಕೇಳಿ. ತಾತನಿಗೆ ಇದೆಲ್ಲ ಯಾರು ಹೇಳಿಕೊಟ್ಟರು ಅಂತ ಅವನು ಕೇಳಿದರೆ, ರೇಡಿಯೋದಲ್ಲಿ ಬಂತು ಅನ್ನಿ. ನಮಸ್ಕಾರ.