ಮೇಲುಕೋಟೆ ದೇವರ ಕಿರೀಟ ಮೇಲುಕೋಟೆಯಲ್ಲೇ ಇಲ್ಲ, ಯಾಕೆ?

ನಮಸ್ಕಾರ ಎಲ್ರಿಗೂ. ಹೋದ ಸಲ ಶ್ರೀರಂಗಪಟ್ಟಣದ ವಿಡಿಯೋ ಹಾಕಿದ್ನಲ್ಲ, ಅದರ ಕೆಳಗೆ ಒಬ್ರು ಕೇಳಿದ್ರು, "ಅಣ್ಣಾ, ವೈರಮುಡಿ ದಿನ ಪೊಲೀಸ್ ಕಾವಲಲ್ಲಿ ನಮ್ಮೂರ ಮುಂದೆ ಒಂದು ಪೆಟ್ಟಿಗೆ ಹೋಗುತ್ತಲ್ಲ, ಅದು ಎಲ್ಲಿಂದ ಬರುತ್ತೆ? ದೇವರ ಕಿರೀಟ ದೇವಸ್ಥಾನದಲ್ಲೇ ಇರ್ಬೇಕಲ್ವಾ?" ಅಂತ. ಒಂದು ಸಾಲಲ್ಲಿ ರಿಪ್ಲೈ ಮಾಡೋಣ ಅಂತ ಕೂತೆ ಕಣ್ರೀ, ಆಗ್ಲಿಲ್ಲ, ಹುಡುಕ್ತಾ ಹೋದಷ್ಟೂ ಊರಿನ ಕಥೆ ಪೂರ್ತಿ ಆ ಪೆಟ್ಟಿಗೆ ಒಳಗೇ ಇದೆ ಅನ್ನಿಸ್ತು.

[ಡ್ರೋನ್ ಶಾಟ್: ಬೆಟ್ಟ, ಯೋಗಾನರಸಿಂಹ ಗುಡಿ, ಕೆಳಗೆ ಕಲ್ಯಾಣಿ]

ಬೇಸಿಕ್ಸ್ ಬೇಗ ಮುಗಿಸ್ತೀನಿ. ಮೇಲುಕೋಟೆ ಇರೋದು ಮಂಡ್ಯ ಜಿಲ್ಲೆ ಪಾಂಡವಪುರ ತಾಲ್ಲೂಕಲ್ಲಿ, ಮೈಸೂರಿಂದ ಹತ್ರತ್ರ 50 ಕಿಲೋಮೀಟರ್. ಬೆಟ್ಟದ ಮೇಲೆ ಯೋಗಾನರಸಿಂಹ, ಕೆಳಗೆ ಊರಲ್ಲಿ ಚೆಲುವನಾರಾಯಣ. 12ನೇ ಶತಮಾನದಲ್ಲಿ ರಾಮಾನುಜಾಚಾರ್ಯರು ತಮಿಳು ಸೀಮೆ ಬಿಟ್ಟು ಈ ಕಡೆ ಬಂದ್ರು, ಆಗ ಇಲ್ಲಿ ಹೊಯ್ಸಳ ವಿಷ್ಣುವರ್ಧನ, ಆಚಾರ್ಯರು ದೇವಸ್ಥಾನದ ಕಟ್ಟುಪಾಡು ಮಾಡಿ, ಸೇವೆ ನಡೆಸೋಕೆ 52 ಜನರನ್ನ ನೇಮಿಸಿದ್ರು ಅಂತ ಸಂಪ್ರದಾಯ ಹೇಳುತ್ತೆ. ಇದೆಲ್ಲ ನೀವು ಸ್ಕೂಲಲ್ಲೇ ಓದಿದ್ದೀರ, ಓದಿಲ್ಲ ಅಂದ್ರೆ ವಿಡಿಯೋ ಪಾಸ್ ಮಾಡಿ ಓದ್ಕೊಂಡು ಬನ್ನಿ, ನಾನು ಇಲ್ಲೇ ಇರ್ತೀನಿ.

ಈಗ ಕಿರೀಟ. ವೈರಮುಡಿ ಅಂದ್ರೆ ವಜ್ರದ ಕಿರೀಟ, ಮಾರ್ಚ್-ಏಪ್ರಿಲ್ ಹೊತ್ತಲ್ಲಿ ಬರೋ ಬ್ರಹ್ಮೋತ್ಸವದಲ್ಲಿ ಒಂದೇ ಒಂದು ರಾತ್ರಿ ಚೆಲುವನಾರಾಯಣನ ಉತ್ಸವಮೂರ್ತಿಗೆ ಅದನ್ನ ಹಾಕ್ತಾರೆ. ಒಂದು ರಾತ್ರಿ! ಉಳಿದ ದಿನ ಎಲ್ಲಿರುತ್ತೆ? ಮಂಡ್ಯ ಜಿಲ್ಲಾ ಖಜಾನೆಯಲ್ಲಿ.

ಒಂದ್ನಿಮಿಷ, ಇದು ಸರಿಯಾಗಿ ತಲೆಗೆ ಹೋಗ್ಲಿ. ಖಜಾನೆ ಅಂದ ತಕ್ಷಣ ನಿಮಗೆ ಸಿನಿಮಾದಲ್ಲಿ ಬರೋ ಗುಹೆ, ಹಾವು, ಚಿನ್ನದ ಕೊಡ ಕಣ್ಮುಂದೆ ಬಂದಿರುತ್ತೆ. ಅದಲ್ಲ. ಸರ್ಕಾರಿ ಖಜಾನೆ, ಟ್ರೆಶರಿ. ನಿಮ್ಮಜ್ಜನ ಪಿಂಚಣಿ ಬಿಲ್ ಪಾಸ್ ಆಗುತ್ತಲ್ಲ, ಆ ಇಲಾಖೆ. ಪಬ್ಲಿಕ್ ಪರೀಕ್ಷೆ ಪ್ರಶ್ನೆ ಪತ್ರಿಕೆ ಬಂಡಲ್‌ಗಳನ್ನ ಸೀಲ್ ಮಾಡಿ ಇಡೋದೂ ಇಂಥ ಖಜಾನೆಗಳಲ್ಲೇ. ಜೊತೆಗೆ ಟೈಮಿಂಗ್ ನೋಡಿ, ವೈರಮುಡಿ ಬರೋದೂ ಪರೀಕ್ಷೆ ಸೀಸನ್‌ನಲ್ಲೇ. 2016ರಲ್ಲಿ ನಮ್ಮ ರಾಜ್ಯದಲ್ಲಿ ಸೆಕೆಂಡ್ ಪಿಯು ಕೆಮಿಸ್ಟ್ರಿ ಪೇಪರ್ ಎರಡೆರಡು ಸಲ ಲೀಕ್ ಆಯ್ತು, ವೈರಮುಡಿ ಮಾತ್ರ ಅಲ್ಲಾಡಿಲ್ಲ. ದೇವರ ಆಸ್ತಿಗಿರೋ ಭಯ ಕೆಮಿಸ್ಟ್ರಿಗಿಲ್ಲ ನೋಡಿ.

ಆಮೇಲೆ ಆ ದಿನದ ಮೆರವಣಿಗೆ. ಬೆಳಿಗ್ಗೆ ಡಿಸಿ, ಎಸ್‌ಪಿ ಎಲ್ಲ ಖಜಾನೆ ಹತ್ರ ಹಾಜರು, ದೇವಸ್ಥಾನದ ಕಡೆಯಿಂದ ಸ್ಥಾನೀಕರು ಬರ್ತಾರೆ, ಪೆಟ್ಟಿಗೆ ಆಚೆ ಬರುತ್ತೆ, ಪೂಜೆ ಆಗುತ್ತೆ, ಹೂವಿನ ಅಲಂಕಾರ ಮಾಡಿದ ಗಾಡಿಯಲ್ಲಿ, ಬಂದೂಕು ಹಿಡಿದ ಪೊಲೀಸ್ರ ಜೊತೆ ಹೊರಡುತ್ತೆ. ನೇರವಾಗಿ ಹೋದ್ರೆ ಎಷ್ಟೊತ್ತು ಹೇಳಿ? ಆದ್ರೆ ದಾರಿ ಉದ್ದಕ್ಕೂ ಊರೂರಲ್ಲಿ ಜನ ಚಪ್ಪರ ಹಾಕಿ, ರಂಗೋಲಿ ಬಿಟ್ಟು, ಮಜ್ಜಿಗೆ ಪಾನಕ ಇಟ್ಕೊಂಡು ಕಾಯ್ತಿರ್ತಾರೆ, ಎಲ್ಲಾ ಕಡೆ ನಿಂತು ಪೂಜೆ ಮಾಡಿಸ್ಕೊಂಡು ಶ್ರೀರಂಗಪಟ್ಟಣ, ಪಾಂಡವಪುರ ದಾಟಿ ಮೇಲುಕೋಟೆ ಸೇರೋ ಹೊತ್ತಿಗೆ ಸಂಜೆ. ಈ ಜನ ಯಾರೂ ಕಿರೀಟ ನೋಡಲ್ಲ ಕಣ್ರೀ, ಪೆಟ್ಟಿಗೆ ನೋಡ್ತಾರೆ ಅಷ್ಟೇ! ಯಾಕಂದ್ರೆ ವೈರಮುಡಿಗೆ ಹಗಲು ಬೆಳಕು ಬೀಳಬಾರದು ಅನ್ನೋದು ಪದ್ಧತಿ. ಪ್ರಧಾನ ಅರ್ಚಕರು ಅದನ್ನ ದೇವರಿಗೆ ತೊಡಿಸೋವಾಗ ತಮ್ಮ ಕಣ್ಣಿಗೇ ಬಟ್ಟೆ ಕಟ್ಕೋತಾರೆ ಅಂತ ಪ್ರತೀತಿ. ಆಮೇಲೆ ಗರುಡನ ಮೇಲೆ ಉತ್ಸವ, ನಡುರಾತ್ರಿ ದಾಟಿ ನಡೆಯುತ್ತೆ, ಬೆಳಗಾಗೋದ್ರೊಳಗೆ ವೈರಮುಡಿ ತೆಗೆದು ರಾಜಮುಡಿ ಅನ್ನೋ ಇನ್ನೊಂದು ಕಿರೀಟ ಹಾಕಿ ಆಗಿರುತ್ತೆ.

ಯೋಚನೆ ಮಾಡಿದ್ರೆ ಇದು ನಮ್ಮ ಅಮ್ಮಂದಿರ ಲೆಕ್ಕಾಚಾರನೇ. ಮಾಂಗಲ್ಯದ ಜೊತೆಗೆ ಬಂದ ಕಾಸಿನ ಸರ ಬ್ಯಾಂಕ್ ಲಾಕರ್‌ನಲ್ಲಿ, ತಂಗಿ ಮಗಳ ಮದುವೆಗೆ ಮುಂಚಿನ ದಿನ ಅಪ್ಪನ್ನ ಕಳಿಸಿ ತರಿಸೋದು, ಬಸ್ಸಲ್ಲಿ ಚೀಲ ತೊಡೆ ಮೇಲೇ ಇರ್ಬೇಕು, ಧಾರೆ ಹೊತ್ತಲ್ಲಿ ಹಾಕ್ಕೊಂಡು ಎಲ್ರಿಗೂ ಕಾಣೋ ಹಂಗೆ ಓಡಾಡೋದು, ಊಟ ಆದ್ಮೇಲೆ ಬಿಚ್ಚಿ ಕರ್ಚೀಫ್‌ನಲ್ಲಿ ಗಂಟು ಕಟ್ಟಿ, ಬ್ಯಾಂಕ್ ತೆಗೆದ ತಕ್ಷಣ ವಾಪಸ್. ಇಲ್ಲಿ ಅಪ್ಪನ ಜಾಗದಲ್ಲಿ ಎಸ್‌ಪಿ ಇದ್ದಾರೆ, ವ್ಯತ್ಯಾಸ ಇಷ್ಟೇ.

ಕಿರೀಟ ಒಂದಲ್ಲ, ಮೂರು. ವೈರಮುಡಿಯದ್ದು ಪುರಾಣದ ಕಥೆ, ಪ್ರಹ್ಲಾದನ ಮಗ ವಿರೋಚನ ಅದನ್ನ ಕದ್ದು ಪಾತಾಳಕ್ಕೆ ಒಯ್ದ, ಗರುಡ ಹೋಗಿ ಹೊಡೆದಾಡಿ ತಂದ ಅಂತ. ಅಂದ್ರೆ ಈ ಕಿರೀಟದ ಮೊದಲನೇ ಎಫ್‌ಐಆರ್ ಪುರಾಣ ಕಾಲದ್ದೇ. ಎರಡನೇದು ರಾಜಮುಡಿ, 1610ರಲ್ಲಿ ಶ್ರೀರಂಗಪಟ್ಟಣ ಹಿಡಿದ ರಾಜ ಒಡೆಯರು ಕೊಟ್ಟಿದ್ದು. ದೇವಸ್ಥಾನದ ನವರಂಗದ ಕಂಬದಲ್ಲಿ ಕೈಮುಗಿದು ನಿಂತಿರೋ ಅವರ ಕೆತ್ತನೆ ಇದೆ, ಹೋದಾಗ ಮಿಸ್ ಮಾಡ್ಬೇಡಿ. ಮೂರನೇದು ಮುಮ್ಮಡಿ ಕೃಷ್ಣರಾಜ ಒಡೆಯರು ಕೊಟ್ಟ ಕೃಷ್ಣರಾಜಮುಡಿ.

[ಸ್ಕ್ರೀನ್ ಮೇಲೆ: 1800]

ಈಗ ನನಗೆ ನಿಜಕ್ಕೂ ಮಜಾ ಕೊಟ್ಟ ಭಾಗ. ಖಜಾನೆಯಲ್ಲಿ ಇಡೋದು ಈಗಿನ ಸರ್ಕಾರ ಬಂದ್ಮೇಲೆ ಶುರುವಾದ ರೂಲ್ಸು ಅಂದ್ಕೊಂಡಿದ್ದೆ. ಮಂಡ್ಯ ಜಿಲ್ಲೆ ಆಗಿದ್ದೇ 1939ರಲ್ಲಿ, ಹಂಗಾಗಿ ಮಂಡ್ಯದ ಅಡ್ರೆಸ್ಸು ಹೊಸದೇ. ಆದ್ರೆ ಅಭ್ಯಾಸ ಹಳೇದು. 1799ರಲ್ಲಿ ಟಿಪ್ಪು ಸತ್ತ, ಮಾರನೇ ವರ್ಷನೇ ಫ್ರಾನ್ಸಿಸ್ ಬುಕಾನನ್ ಅನ್ನೋ ಈಸ್ಟ್ ಇಂಡಿಯಾ ಕಂಪನಿ ಡಾಕ್ಟರ್ರು ಮೈಸೂರು ಸೀಮೆ ಸುತ್ತೋಕೆ ಬಂದ್ರು, ಹೊಲ, ಬೆಳೆ, ಮಗ್ಗ, ಜಾತಿ ಏನು ಕಂಡ್ರೂ ಬರ್ಕೊಳ್ಳೋ ಮನುಷ್ಯ. ಮೇಲುಕೋಟೆಗೂ ಬಂದು ಬರೆದಿದ್ದಾರೆ: ಈ ದೇವಸ್ಥಾನದ ಒಡವೆ ಬಹಳ ಬೆಲೆಬಾಳೋವು, ಅವನ್ನ ಊರಲ್ಲಿ ಇಡಲ್ಲ, ಶ್ರೀರಂಗಪಟ್ಟಣದ ಖಜಾನೆಯಲ್ಲಿ ಇಡ್ತಾರೆ, ಹಬ್ಬ ಬಂದಾಗ ಸೈನ್ಯದ ಕಾವಲಲ್ಲಿ ತರ್ತಾರೆ ಅಂತ. ಸೇಮ್ ಸಿಸ್ಟಮ್! ಸಿಪಾಯಿ ಹೋಗಿ ಪೊಲೀಸ್ ಬಂದ, ಕುದುರೆ ಹೋಗಿ ಗಾಡಿ ಬಂತು.

ಟಿಪ್ಪು ಕಾಲದಲ್ಲೂ ಆ ಒಡವೆ ಮುಟ್ಟಿಲ್ಲ ಅನ್ನೋದನ್ನೂ ಬುಕಾನನ್ನೇ ಬರೆದಿರೋದು, ಅವರು ಟಿಪ್ಪು ಫ್ಯಾನ್ ಅಂತೂ ಅಲ್ಲ. ಟಿಪ್ಪು ಈ ದೇವಸ್ಥಾನಕ್ಕೆ ಆನೆ, ನಗಾರಿ ಕೊಟ್ಟಿದ್ದೂ ದಾಖಲೆಯಲ್ಲಿದೆ. ಇನ್ನೊಂದ್ಕಡೆ ಈ ಊರಿನ ಶ್ರೀವೈಷ್ಣವ ಬ್ರಾಹ್ಮಣರಾದ ಮಂಡ್ಯಂ ಅಯ್ಯಂಗಾರರ ಕೆಲವು ಮನೆತನಗಳಲ್ಲಿ ನರಕ ಚತುರ್ದಶಿ ಮಾಡಲ್ಲ, ಅವತ್ತು ಟಿಪ್ಪು ತಮ್ಮವರನ್ನ ಕೊಲ್ಲಿಸಿದ ಅನ್ನೋ ನೆನಪು ಆ ಮನೆಗಳಲ್ಲಿದೆ, ಇತಿಹಾಸಕಾರರಲ್ಲಿ ಇದರ ಬಗ್ಗೆ ಜಗಳ ಇದೆ. ಕಾಮೆಂಟಲ್ಲಿ ಕಿತ್ತಾಡ್ಬೇಡಿ ಪ್ಲೀಸ್, ಎರಡೂ ಈ ಊರಿನ ಕಥೆನೇ.

ಹಂಗಾದ್ರೆ ಊರಲ್ಲಿ ಯಾಕೆ ಇಡಲ್ಲ? ಉತ್ತರಕ್ಕೆ 1771ಕ್ಕೆ ಹೋಗ್ಬೇಕು. ಮಾರ್ಚ್ ತಿಂಗಳು, ಮೇಲುಕೋಟೆ ಪಕ್ಕದ ಚಿನಕುರಳಿಯಲ್ಲಿ ಮರಾಠರು ಹೈದರಾಲಿ ಸೈನ್ಯನ ಚಿಂದಿ ಮಾಡಿದ್ರು. ಹೈದರ್ ಹೆಂಗೋ ತಪ್ಪಿಸ್ಕೊಂಡು ಶ್ರೀರಂಗಪಟ್ಟಣ ಸೇರ್ಕೊಂಡ, ಗೆದ್ದವರು ಮೇಲುಕೋಟೆಗೆ ನುಗ್ಗಿದ್ರು. ಊರು ಲೂಟಿ ಆಯ್ತು, ದೊಡ್ಡ ದೊಡ್ಡ ರಥಗಳಿಗೆ ಬೆಂಕಿ ಇಟ್ರು. ಕೋಪಕ್ಕಲ್ಲ, ರಥದಲ್ಲಿದ್ದ ಕಬ್ಬಿಣಕ್ಕೆ! ಮರ ಸುಟ್ರೆ ಕಬ್ಬಿಣ ಉಳಿಯುತ್ತಲ್ಲ. ದೇವರ ರಥನ ಗುಜರಿ ರೇಟಿಗೆ ನೋಡಿದ್ದಾರೆ ಪುಣ್ಯಾತ್ಮರು. ಲೂಟಿ ಮಾಡಿದವರೂ ಹಿಂದೂ ಸೈನ್ಯನೇ ಅನ್ನೋದು ಇವತ್ತಿನ ವಾಟ್ಸಾಪ್ ಇತಿಹಾಸಕ್ಕೆ ಜೀರ್ಣ ಆಗಲ್ಲ ಬಿಡಿ.

ಒಡವೆನ ಶ್ರೀರಂಗಪಟ್ಟಣಕ್ಕೆ ಸಾಗಿಸಿದ್ದು ಇದಾದ್ಮೇಲೇನಾ ಅಥವಾ ಮುಂಚೆನಾ ಅಂತ ನಾನು ಪ್ರಮಾಣ ಮಾಡಲ್ಲ, ಆದ್ರೆ ಲಾಜಿಕ್ ಸಿಂಪಲ್. ಹೆಸರಲ್ಲಿ ಕೋಟೆ ಇದ್ರೂ ಇದು ದೇವರ ಊರು, ಶ್ರೀರಂಗಪಟ್ಟಣ ಸುತ್ತ ಕಾವೇರಿ ಇರೋ ಸೈನ್ಯದ ಊರು. ಚಿನ್ನ ಎಲ್ಲಿಡ್ತೀರ ನೀವೇ ಹೇಳಿ.

[ಬೀದಿ ಶಾಟ್ಸ್: ಜಗಲಿ, ಹೆಂಚಿನ ಮನೆ, ಪುಳಿಯೋಗರೆ ಅಂಗಡಿ]

ಕಿರೀಟ ಇಲ್ಲದ ದಿನ ಊರು ಹೆಂಗಿರುತ್ತೆ? ಬೆಳಿಗ್ಗೆ ಕಲ್ಯಾಣಿ ಮೆಟ್ಟಿಲ ಮೇಲೆ ಒಂದು ಪ್ರೀ-ವೆಡ್ಡಿಂಗ್ ಶೂಟ್, ಪಕ್ಕದಲ್ಲೇ ಸಂಧ್ಯಾವಂದನೆ, ಇಬ್ಬರೂ ಒಬ್ಬರನ್ನೊಬ್ಬರು ಫ್ರೇಮಿಂದ ಆಚೆ ಕಳಿಸೋಕೆ ನೋಡ್ತಿರ್ತಾರೆ. ಬೆಟ್ಟ ಹತ್ತೋವಾಗ ಕೈಯಲ್ಲಿರೋ ಕವರ್‌ಗೆ ಕೋತಿ ಕಾಟ. ಪುಳಿಯೋಗರೆ ಅಂತೂ ಹೇಳೋದೇ ಬೇಡ, ಹುಣಸೆ, ಬೆಲ್ಲ, ಎಳ್ಳು, ಕೊಬ್ಬರಿ ಎಲ್ಲ ಬಿದ್ದು ಕಪ್ಪಗಾಗಿರೋ ಗೊಜ್ಜು, ಬೆಂಗಳೂರಲ್ಲಿ ಪುಳಿಯೋಗರೆ ಅಂತ ಹಳದಿ ಅನ್ನ ಕೊಡೋರಿಗೆಲ್ಲ ಇಲ್ಲಿ ಒಂದು ವಾರ ಟ್ರೈನಿಂಗ್ ಕೊಡಿಸ್ಬೇಕು. 1854ರಲ್ಲಿ ಶುರುವಾದ ಸಂಸ್ಕೃತ ಪಾಠಶಾಲೆ ಇದೆ. ಮೊದಲು ಇಲ್ಲಿ ಇನ್ನೂ ದೊಡ್ಡ ವ್ಯಾಪಾರ ಇತ್ತು: ಹತ್ತಿ ಬಟ್ಟೆ ನೇಯ್ಗೆ, ಲಾವಂಚದ ಬೀಸಣಿಗೆ, ಮತ್ತೆ ನಾಮ ಹಾಕೋ ಬಿಳಿ ಮಣ್ಣು. ಇಲ್ಲಿ ಅಗೆದ ಆ ಮಣ್ಣು ಕಾಶಿವರೆಗೂ ಹೋಗ್ತಿತ್ತು ಅಂತ ಹಳೇ ಗೆಝೆಟಿಯರ್‌ಗಳಲ್ಲಿದೆ. ಊರಿನ ಮಣ್ಣನ್ನ ಭಕ್ತರ ಹಣೆಗೆ ಮಾರಿ ದುಡ್ಡು ಮಾಡಿದ್ದಾರೆ, ಇದಕ್ಕಿಂತ ಸ್ಟಾರ್ಟಪ್ ಐಡಿಯಾ ಬೇಕಾ? ನೇಯ್ಗೆ ಪೂರ್ತಿ ಸತ್ತಿಲ್ಲ, ಜಯಪ್ರಕಾಶ್ ನಾರಾಯಣ್ ಹತ್ರ ಕಾರ್ಯದರ್ಶಿ ಆಗಿದ್ದ ಸುರೇಂದ್ರ ಕೌಲಗಿ ಇಲ್ಲಿಗೆ ಬಂದು ಕಟ್ಟಿದ ಜನಪದ ಸೇವಾ ಟ್ರಸ್ಟ್‌ನಿಂದ ಖಾದಿ ಮಗ್ಗದ ಸದ್ದು ಊರಲ್ಲಿ ಉಳ್ಕೊಂಡಿತು.

ಒಂದು ವಿಷಯ ಸಿಹಿ ಲೇಪಿಸದೆ ಹೇಳ್ತೀನಿ. ರಾಮಾನುಜರು ಇಲ್ಲಿ ದಲಿತರಿಗೆ ದೇವಸ್ಥಾನದೊಳಗೆ ಪ್ರವೇಶ ಕೊಟ್ಟು ತಿರುಕುಲದವರು, ಅಂದ್ರೆ ಪವಿತ್ರ ಕುಲದವರು, ಅಂತ ಕರೆದ್ರು ಅಂತ ಎಲ್ಲ ಭಾಷಣದಲ್ಲೂ ಕೇಳಿರ್ತೀರ. ಆ ಕಾಲಕ್ಕೆ ದೊಡ್ಡದೇ. ಆದ್ರೆ ಆ ಹಕ್ಕು ಶತಮಾನಗಟ್ಟಲೆ ಇದ್ದಿದ್ದು ವರ್ಷಕ್ಕೆ ಮೂರು ದಿನ. ಮಿಕ್ಕ 362 ದಿನದ ಬಗ್ಗೆ ಭಾಷಣದಲ್ಲಿ ಯಾರೂ ಮಾತಾಡಲ್ಲ.

ಎಡಿಟರ್ ಆಗ್ಲೇ ಕೈ ತೋರಿಸ್ತಿದ್ದಾನೆ, ಟೈಮ್ ಆಯ್ತಂತೆ, ಉಳಿದಿದ್ದೆಲ್ಲ ಒಂದೇ ಉಸಿರಲ್ಲಿ. ಡೆಲ್ಲಿ ಸುಲ್ತಾನನ ಮಗಳು ಉತ್ಸವಮೂರ್ತಿ ಮೇಲೆ ಪ್ರೀತಿಯಿಟ್ಟು ಹಿಂದೆನೇ ಬಂದಳು ಅನ್ನೋ ಬೀಬಿ ನಾಚ್ಚಿಯಾರ್ ಕಥೆ ಇಲ್ಲಿಯದು, ಇತಿಹಾಸ ಅಂತ ಸಾಬೀತು ಮಾಡೋಕಾಗಲ್ಲ, ಪೂಜೆ ಮಾತ್ರ ಇವತ್ತಿಗೂ ಇದೆ. ಕಾರ್ತಿಕದ ತೊಟ್ಟಿಲಮಡು ಜಾತ್ರೆಗೆ ಮಕ್ಕಳಾಗ್ಲಿ ಅಂತ ಹರಕೆ ಹೊತ್ತ ದಂಪತಿಗಳು ಬರ್ತಾರೆ. ಅಕ್ಕ ತಂಗಿ ಕೊಳ ಇದೆ, ಅರ್ಧಕ್ಕೆ ನಿಂತ ರಾಯಗೋಪುರ ಇದೆ, ಅಲ್ಲಿ ಶೂಟಿಂಗ್ ಆಗದೇ ಇರೋ ಹಾಡು ಹುಡುಕೋದೇ ಕಷ್ಟ. ಜಯಲಲಿತಾ ಹುಟ್ಟಿದ್ದು ಇದೇ ಊರಲ್ಲಿ, 1948ರಲ್ಲಿ. ಸುತ್ತಲಿನ ಕಾಡು 1974ರಿಂದ ವನ್ಯಜೀವಿ ಧಾಮ, ಅದೂ ಹುಲಿಗಲ್ಲ, ತೋಳಗಳಿಗೋಸ್ಕರ. ತೋಳದ ಬಗ್ಗೆ ಬೇರೆ ವಿಡಿಯೋ ಮಾಡ್ತೀನಿ, ಪ್ರಾಮಿಸ್.

ಹೋಗೋರಿಗೆ ನನ್ನ ಸಲಹೆ: ವೈರಮುಡಿ ರಾತ್ರಿ ಒಂದ್ಸಲ ನೋಡಿ, ಆದ್ರೆ ಊರು ನೋಡೋಕೆ ಅವತ್ತು ಹೋಗ್ಬೇಡಿ, ಜನದ ತಲೆ ಬಿಟ್ರೆ ಏನೂ ಕಾಣಲ್ಲ. ಯಾವ್ದಾದ್ರೂ ಬುಧವಾರ ಬೆಳಿಗ್ಗೆ ಹೋಗಿ, ಗೊಜ್ಜು ಮನೆಗೂ ತಗೊಳ್ಳಿ, ಕೋತಿಗೆ ಕಾಣದ ಹಂಗೆ ಬ್ಯಾಗಲ್ಲಿಡಿ.