ದಾಳ ಪರದೆಯ ಈಚೆಗೋ, ಆಚೆಗೋ?

ಕೇಳುಗರಿಗೆ ನಮಸ್ಕಾರ. ನಾಲ್ಕೈದು ಜನ ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಉರುಳಿಸುತ್ತ ಕಥೆ ಕಟ್ಟುವ ಆಟಗಳಿವೆ. 1974ರಲ್ಲಿ ಅಮೆರಿಕದಲ್ಲಿ ಬಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಇವುಗಳಲ್ಲಿ ಮೊದಲನೆಯದು. ಕಥೆ ನಡೆಸುವವನು ಗೇಮ್ ಮಾಸ್ಟರ್. ಅವನ ಮುಂದೆ ಸಾಮಾನ್ಯವಾಗಿ ಮೂರು-ನಾಲ್ಕು ಮಡಿಕೆಯ ರಟ್ಟಿನ ಪರದೆ ನಿಂತಿರುತ್ತದೆ. ಜಡ್ಜಸ್ ಗಿಲ್ಡ್ ಎಂಬ ಕಂಪನಿ 1977ರಲ್ಲೇ ಇಂಥದ್ದನ್ನು ಮಾರಿತ್ತು. ಅದು ಬೇಕೋ ಬೇಡವೋ ಎಂಬ ತಕರಾರು ಇನ್ನೂ ಮುಗಿದಿಲ್ಲ.

ಕೊಪ್ಪಳದ ಕಡೆಯವರಿಗೆ ಪರದೆ ಅಂದರೆ ಮೋರನಾಳದ ತೊಗಲುಗೊಂಬೆ ನೆನಪಾಗುತ್ತದೆ. ಅಲ್ಲಿ ಪರದೆ ಇರುವುದು ತೋರಿಸಲಿಕ್ಕೆ, ಇಲ್ಲಿ ಮುಚ್ಚಲಿಕ್ಕೆ. ನಕ್ಷೆ, ಟಿಪ್ಪಣಿ ಮುಚ್ಚಿಟ್ಟರೆ ಯಾರೂ ತಕರಾರು ಮಾಡುವುದಿಲ್ಲ. ದಾಳ ಮುಚ್ಚಿದರೆ ಅನುಮಾನ ಏಳುತ್ತದೆ. ಆದ್ದರಿಂದ ಪರದೆ ಇರಲಿ, ಕಾಳಗದ ದಾಳ ಮಾತ್ರ ಎಲ್ಲರ ಕಣ್ಣೆದುರಿಗೆ ಬೀಳಲಿ ಎನ್ನುವುದು ನನ್ನ ಅಭಿಪ್ರಾಯ.

ದಾಳ ಮುಚ್ಚುವವರು ಒಂದು ಕಾರಣ ಕೊಡುತ್ತಾರೆ: ಹೊಸ ಆಟಗಾರನ ಪಾತ್ರ ಮೊದಲ ದಿನವೇ ಸಾಯಬಾರದು, ಬೇಕಾದರೆ ಅಂಕ ಬದಲಿಸಿ ಹೇಳಬಹುದು. ಲೆಕ್ಕ ಹಾಕಿ ನೋಡೋಣ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ 2014ರ ನಿಯಮಗಳಲ್ಲಿ ಕುಳ್ಳ ರಾಕ್ಷಸ ಗಾಬ್ಲಿನ್‌ನ ಕತ್ತಿಯೇಟಿಗೆ ಆರು ಮುಖದ ಒಂದು ದಾಳ, ಮೇಲೆ 2. ಅಂದರೆ ಹೆಚ್ಚೆಂದರೆ 8. ಏಟು ತಾಗಿತೇ ಎಂದು ನೋಡುವ ಇಪ್ಪತ್ತು ಮುಖದ ದಾಳದಲ್ಲಿ 20 ಬಿದ್ದರೆ, ಅಂದರೆ ನೂರಕ್ಕೆ 5 ಸಲ, ಆರರ ದಾಳ ಎರಡಾಗಿ ಏಟು 14ರವರೆಗೆ ಹೋಗುತ್ತದೆ. ಪ್ರಾಣಾಂಕವೆಂದರೆ ಪಾತ್ರ ಎಷ್ಟು ಏಟು ತಾಳಬಲ್ಲದು ಎಂಬ ಲೆಕ್ಕ. 8 ಪ್ರಾಣಾಂಕದ ಎಳೆ ಮಾಂತ್ರಿಕ ಅಲ್ಲೇ ಬೀಳುತ್ತಾನೆ. ಆದರೆ ಸಾಯುವುದಿಲ್ಲ. ಸೊನ್ನೆಗಿಳಿದ ಮೇಲೆ ಉಳಿದ ಏಟು 6. ಅದು ಅವನ ಪೂರ್ತಿ ಪ್ರಾಣಾಂಕದಷ್ಟಾದರೆ ಮಾತ್ರ ತಕ್ಷಣ ಸಾವು. ಇಲ್ಲದಿದ್ದರೆ ಪ್ರತಿ ಸರದಿಗೆ ಒಂದು ದಾಳ: 10 ಅಥವಾ ಮೇಲಾದರೆ ಗೆಲುವು, ಕೆಳಗಾದರೆ ಸೋಲು, ಮೊದಲು ಮೂರು ಗೆಲುವಾದರೆ ಬದುಕು, ಮೂರು ಸೋಲಾದರೆ ಸಾವು. ಅಷ್ಟರಲ್ಲಿ ಜೊತೆಯವರು ಓಡಿಬಂದು ಎತ್ತಬಹುದು. ಉಳಿಸುವ ದಾರಿ ನಿಯಮದಲ್ಲೇ ಇದೆ, ಸುಳ್ಳು ಅಂಕ ಯಾಕೆ ಬೇಕು? ಒಂದು ಸಲ ಬದಲಿಸಿದ್ದು ಗೊತ್ತಾದರೆ, ಮುಂದೆ ಆಟಗಾರರು ಗೆದ್ದರೂ ಅದು ಅವರದೇ ಗೆಲುವೆಂದು ಅನ್ನಿಸುವುದಿಲ್ಲ. ಗಾಬ್ಲಿನ್ ಆರು ಹೆಚ್ಚಾಯಿತು ಎನ್ನಿಸಿದರೆ ಕಾಳಗಕ್ಕೆ ಮೊದಲೇ ನಾಲ್ಕಕ್ಕಿಳಿಸಿ, ಇಲ್ಲವೇ ಇಬ್ಬರು ಸತ್ತೊಡನೆ ಉಳಿದವರನ್ನು ಓಡಿಸಿ. ಬಿದ್ದ ಅಂಕ ಒಪ್ಪಲಾಗದು ಎಂದರೆ ದಾಳ ಎತ್ತಲೇಬೇಡಿ.

ಮುಚ್ಚಿ ಹಾಕಬೇಕಾದ ದಾಳವೂ ಇದೆ. 1520ರ ರಾಯಚೂರು ಕೋಟೆ, ಕೃಷ್ಣದೇವರಾಯನ ಮುತ್ತಿಗೆ, ರಾತ್ರಿ ಒಳನುಗ್ಗಿದ ಗೂಢಚಾರರು, ಹೀಗೊಂದು ಕಥೆ ಹೆಣೆದಿದ್ದೀರಿ ಎನ್ನಿ. ಬಾಗಿಲಲ್ಲಿ ಬಲೆ ಇದೆಯೇ ಎಂದು ಒಬ್ಬಳು ತಡಕುತ್ತಾಳೆ, ಗುರಿ, ಅಂದರೆ ಮುಟ್ಟಬೇಕಾದ ಅಂಕ, 15. ಎದುರಿಗೇ 3 ಬಿತ್ತು, ನೀವು ‘ಏನೂ ಕಾಣಲಿಲ್ಲ’ ಎಂದಿರಿ. ಕೂಡಲೇ ಉಳಿದ ಮೂವರೂ ‘ನಾವೂ ನೋಡ್ತೀವಿ’ ಅಂತಾರೆ. ಪಾತ್ರಕ್ಕೆ ತಿಳಿಯದ ಸೋಲು ಆಟಗಾರನಿಗೆ ತಿಳಿದುಹೋಯಿತು. ಇಂಥ ಕಡೆ, ಅಂದರೆ ಬಲೆ ಹುಡುಕುವಾಗ, ಅಡಗುವಾಗ, ಎದುರಿನವನ ಸುಳ್ಳು ಹಿಡಿಯುವಾಗ, ಪರದೆಯ ಹಿಂದೆ ಉರುಳಿಸಿ. ಇನ್ನೊಂದು ಉಪಾಯ ನನಗೆ ಹೆಚ್ಚು ಹಿಡಿಸುತ್ತದೆ: ಅವಳೇ ದಾಳವನ್ನು ಲೋಟದಲ್ಲಿ ಕುಲುಕಿ ಬೋರಲು ಹಾಕಲಿ, ಬಾಗಿಲು ತೆರೆದಾಗ ಲೋಟ ಎತ್ತಲಿ. ಸ್ಟೀಲಿನದು ಗಲಾಟೆ, ಪ್ಲಾಸ್ಟಿಕ್ ಲೋಟ ವಾಸಿ.

ಪರದೆ ಮನೆಯಲ್ಲೇ ಮಾಡಬಹುದು. 2 ಮಿಲಿಮೀಟರ್ ದಪ್ಪದ ರಟ್ಟನ್ನು ಎ4 ಅಳತೆಗೆ ಮೂರು ತುಂಡು ಮಾಡಿ, ಅಡ್ಡಕ್ಕೆ ಸಾಲಾಗಿಡಿ. ಎತ್ತರ 21 ಸೆಂಟಿಮೀಟರ್ ಬರುತ್ತದೆ. ಉದ್ದಕ್ಕೆ ನಿಲ್ಲಿಸಿದರೆ 30ರ ಹತ್ತಿರ, ಅದರ ಹಿಂದೆ ಕೂತವನ ಮುಖ ಅರ್ಧ ಮುಚ್ಚಿಹೋಗುತ್ತದೆ. ತುಂಡುಗಳ ನಡುವೆ 4-5 ಮಿಲಿಮೀಟರ್ ಸಂದು ಬಿಟ್ಟು, ಎರಡೂ ಕಡೆ ಬಟ್ಟೆಯ ಟೇಪ್ ಅಂಟಿಸಿ. ಸಂದು ಬಿಡದಿದ್ದರೆ ಮಡಚಿದಾಗ ಟೇಪ್ ಹರಿಯುತ್ತದೆ. ಒಳಮೈಗೆ ಪದೇಪದೇ ಬೇಕಾಗುವುದನ್ನಷ್ಟೇ ಅಂಟಿಸಿ: ಗುರಿಯಂಕಗಳು, ಅಂದರೆ ಸುಲಭಕ್ಕೆ 10, ಮಧ್ಯಮಕ್ಕೆ 15, ಕಷ್ಟಕ್ಕೆ 20; ಮರೆಯಲ್ಲಿ ನಿಂತವನಿಗೆ ಏಟು ತಾಗಿಸುವ ಗುರಿಗೆ ಕೂಡಿಸುವ ಅಂಕ, ಅಂದರೆ ಅರೆಮರೆಗೆ 2, ಮುಕ್ಕಾಲು ಮರೆಗೆ 5; ಜೊತೆಗೆ ಹತ್ತು-ಹದಿನೈದು ಹೆಸರು. ಹೋಟೆಲಿನವಳಿಗೆ ಹೆಸರೇನು ಎಂದು ಆಟಗಾರ ಕೇಳಿದಾಗ ತಡವರಿಸುವುದು ತಪ್ಪುತ್ತದೆ. ಸಣ್ಣಕ್ಷರದಲ್ಲಿ ಇಡೀ ನಿಯಮಪುಸ್ತಕ ತುರುಕಿದರೆ ಬೇಕಾದ ಸಾಲು ಸಿಗುವುದೇ ಇಲ್ಲ.

ಪರದೆಯನ್ನು ನಟ್ಟನಡುವೆ ಗೋಡೆಯಂತೆ ನಿಲ್ಲಿಸಬೇಡಿ. ನಕ್ಷೆಯ ಮೇಲಿನ ಗೊಂಬೆ ಸರಿಸಲು ಕೈ ಚಾಚಿದಾಗಲೆಲ್ಲ ತೋಳು ತಾಗಿ ಬೀಳುತ್ತದೆ. ಎಡಗೈ ಬದಿಗೆ ಓರೆಯಾಗಿಡಿ. ಟಿಪ್ಪಣಿ ಮರೆಯಲ್ಲಿರುತ್ತದೆ, ಮುಖ ಕಾಣುತ್ತದೆ, ಬಲಗಡೆ ದಾಳಕ್ಕೆ ಜಾಗ ತೆರೆದಿರುತ್ತದೆ. ಬಳ್ಳಾರಿಯ ಏಪ್ರಿಲ್‌ನಲ್ಲಿ ಫ್ಯಾನ್ ನಿಲ್ಲಿಸಿ ಎಂದು ಯಾರಿಗೂ ಹೇಳಲಾಗುವುದಿಲ್ಲ, ಹಾಗಾಗಿ ಎರಡೂ ತುದಿಯ ಬುಡಕ್ಕೆ ದೊಡ್ಡ ಬೈಂಡರ್ ಕ್ಲಿಪ್ ಸಿಕ್ಕಿಸಿ. ಮಂಡಾಳು ಒಗ್ಗರಣಿ, ಮಿರ್ಚಿ ಬರುವುದಿದ್ದರೆ ಒಳಗಿನ ಹಾಳೆಗಳಿಗೆ ಹೊಳಪಿಲ್ಲದ ಪ್ಲಾಸ್ಟಿಕ್ ಹೊದಿಕೆ ಹಾಕಿ. ಹೊಳಪಿನದಾದರೆ ಟ್ಯೂಬ್‌ಲೈಟ್ ಬೆಳಕು ಬಿದ್ದು ಅಂಕಿ ಕಾಣುವುದಿಲ್ಲ.