ನೀನು ಕೊಂದವನು ನಾನೇ, ಗೆಳೆಯ

[ದೃಶ್ಯ: ಚರ್ಚಿನ ಗಂಟೆಗಳ ಸದ್ದು, ಕಪ್ಪು ತೆರೆ]

1918ರ ನವೆಂಬರ್ 11. ಮೊದಲ ಮಹಾಯುದ್ಧ ಮುಗಿಯಿತು. ಇಂಗ್ಲೆಂಡಿನ ಶ್ರೂಸ್‌ಬರಿಯಲ್ಲಿ ಸಂಭ್ರಮದ ಗಂಟೆ ಬಾರಿಸುತ್ತಿದೆ. ಅದೇ ದಿನ ಅಲ್ಲಿನ ಒಂದು ಮನೆಗೆ ಟೆಲಿಗ್ರಾಂ ಬರುತ್ತದೆ. ಮಗ, ಸೈನಿಕನೂ ಕವಿಯೂ ಆಗಿದ್ದ ವಿಲ್‌ಫ್ರೆಡ್ ಓವೆನ್ ವಾರದ ಹಿಂದೆಯೇ ಫ್ರಾನ್ಸಿನ ಕಾಲುವೆಯೊಂದರ ಬಳಿ ಸತ್ತಿದ್ದ. ವಯಸ್ಸು 25. ಬದುಕಿದ್ದಾಗ ಅಚ್ಚಾದ ಅವನ ಕವಿತೆಗಳು ಬೆರಳೆಣಿಕೆಯಷ್ಟು.

ಅಂದ ಹಾಗೆ, ಅವನ ಪುಟ್ಟ ನೋಟ್‌ಬುಕ್ಕಿನಲ್ಲಿ ಗೀತಾಂಜಲಿಯ ಸಾಲುಗಳಿದ್ದವು. ಅದನ್ನು ಟ್ಯಾಗೋರರಿಗೆ ಪತ್ರ ಬರೆದು ತಿಳಿಸಿದವರು ಅವನ ತಾಯಿಯೇ, 1920ರಲ್ಲಿ.

[ದೃಶ್ಯ: ಚಾವಣಿ ಇಲ್ಲದ ಹಳೇ ಚರ್ಚು, ಪಕ್ಕದಲ್ಲೇ ಹೊಸದು]

ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆ ಚರ್ಚಿನಲ್ಲಿ ಓವೆನ್ ಸೇರಿ 16 ಯುದ್ಧಕವಿಗಳ ಹೆಸರು ಕೆತ್ತಿದ ಕಲ್ಲಿದೆ. ಅದನ್ನಿಟ್ಟಿದ್ದು 1985ರಲ್ಲಿ. ನನಗೆ ಮಾತ್ರ ಅದಕ್ಕಿಂತ 23 ವರ್ಷ ಮೊದಲಿನ ಒಂದು ಸಂಜೆಯೇ ದೊಡ್ಡದು.

ಊರು ಇಂಗ್ಲೆಂಡಿನ ಕಾವೆಂಟ್ರಿ. 1940ರಲ್ಲಿ ಜರ್ಮನ್ ಬಾಂಬ್ ಬಿದ್ದು ಅಲ್ಲಿನ ಕೆಥೆಡ್ರಲ್, ಅಂದರೆ ದೊಡ್ಡ ಚರ್ಚು, ಸುಟ್ಟುಹೋಗಿತ್ತು. ಸುಟ್ಟ ಗೋಡೆಗಳನ್ನು ಹಾಗೇ ಉಳಿಸಿ, ಪಕ್ಕದಲ್ಲಿ ಹೊಸದನ್ನು ಕಟ್ಟಿದರು. ಅಲ್ಲಿ 1962ರ ಮೇ 30ರಂದು ಇಂಗ್ಲಿಷ್ ಸಂಗೀತ ಸಂಯೋಜಕ ಬೆಂಜಮಿನ್ ಬ್ರಿಟನ್ ಅವರ 'ವಾರ್ ರೆಕ್ವಿಯಂ' ಎಂಬ ಸಂಗೀತ ಕೃತಿ ಮೊದಲ ಬಾರಿಗೆ ಕೇಳಿಸಿತು.

ಸತ್ತವರಿಗಾಗಿ ಹಾಡುವ ಹಳೆಯ ಲ್ಯಾಟಿನ್ ಪ್ರಾರ್ಥನೆ ಅದು. ಅದರ ನಡುನಡುವೆ ಓವೆನ್‌ನ 9 ಕವಿತೆಗಳು. ಸುಮ್ನೆ ಅಂಟಿಸಿದ್ದಲ್ಲ, ಒಂದಕ್ಕೊಂದು ಜಗಳಕ್ಕೆ ಬಿಟ್ಟದ್ದು! ದೇವರು ಅಬ್ರಹಾಮನಿಗೆ ಕೊಟ್ಟ ಮಾತನ್ನು ಪ್ರಾರ್ಥನೆ ನೆನೆಯುತ್ತದೆ. ಬೈಬಲ್ಲಿನ ಅಬ್ರಹಾಮ ದೇವದೂತನ ಮಾತು ಕೇಳಿ, ಬಲಿಗೆ ಒಯ್ದಿದ್ದ ಮಗನನ್ನು ಉಳಿಸುತ್ತಾನೆ, ಅಲ್ವಾ? ಓವೆನ್‌ನ ಮುದುಕ ಕೇಳುವುದಿಲ್ಲ. ಮಗನನ್ನು ಕೊಲ್ಲುತ್ತಾನೆ. ಜೊತೆಗೆ ಯುರೋಪಿನ ಅರ್ಧ ಸಂತಾನವನ್ನೂ, ಒಬ್ಬೊಬ್ಬರನ್ನಾಗಿ. ಈ ಸಾಲು ಮರುಕಳಿಸುತ್ತಿರುವಾಗಲೇ ದೂರದಲ್ಲಿ ಹುಡುಗರು ಪ್ರಾರ್ಥನೆ ಹಾಡುತ್ತಿರುತ್ತಾರೆ. ಹೆಡ್‌ಫೋನ್ ಹಾಕಿಕೊಂಡು ಕೇಳಿ, ಮೈ ಜುಮ್ಮೆನ್ನುತ್ತದೆ.

ಬೆಂಜಮಿನ್ ಬ್ರಿಟನ್ ಅವರು ಗಾಯಕರನ್ನು ಆರಿಸಿದ್ದೂ ಹಾಗೇ, ಯುದ್ಧದಲ್ಲಿ ಕಾದಾಡಿದ ದೇಶಗಳಿಂದ. ಇಂಗ್ಲೆಂಡಿನ ಪೀಟರ್ ಪಿಯರ್ಸ್, ಜರ್ಮನಿಯ ಫಿಷರ್-ಡೀಸ್ಕಾವ್, ರಷ್ಯಾದ ವಿಷ್ನೆವ್‌ಸ್ಕಾಯಾ. ಸೋವಿಯತ್ ಸರ್ಕಾರ ಆಕೆಯನ್ನು ಕಳಿಸಲಿಲ್ಲ. ಬದಲಿಗೆ ಹೆದರ್ ಹಾರ್ಪರ್ ಹಾಡಿದರು. ಇನ್ನು ಫಿಷರ್-ಡೀಸ್ಕಾವ್ ಯುದ್ಧದಲ್ಲಿ ಜರ್ಮನ್ ಸೈನಿಕರಾಗಿದ್ದವರು, ಸೆರೆಯಾಳೂ ಆಗಿದ್ದವರು.

[ದೃಶ್ಯ: ಕತ್ತಲ ಸುರಂಗ]

ಕೊನೆಯ ಕವಿತೆಯಲ್ಲಿ ಸತ್ತ ಸೈನಿಕನೊಬ್ಬ ಸುರಂಗದೊಳಗೆ ಇನ್ನೊಬ್ಬನನ್ನು ಕಾಣುತ್ತಾನೆ. ಆ ಇನ್ನೊಬ್ಬ ಹೇಳುತ್ತಾನೆ: ನೀನು ಕೊಂದ ಶತ್ರು ನಾನೇ, ಗೆಳೆಯ. ಇದನ್ನು ಹಾಡಿದ್ದು ಆ ಜರ್ಮನ್ ಗಾಯಕ. ಆಮೇಲೆ ಅವರೂ ಪಿಯರ್ಸೂ ಸೇರಿ ಹಾಡುತ್ತಾರೆ: ಇನ್ನು ಮಲಗೋಣ.

ಹಾಡು ಮುಗಿದ ಮೇಲೂ ಫಿಷರ್-ಡೀಸ್ಕಾವ್ ಅಳುತ್ತಲೇ ಇದ್ದರು. ಕೂತಲ್ಲಿಂದ ಅವರನ್ನು ಎಬ್ಬಿಸಿ ಕರೆದೊಯ್ಯಲು ಪಿಯರ್ಸ್ ಪರದಾಡಬೇಕಾಯಿತು.